ತಾರಸಿಗೆ ಗಾಯಗೊಂಡ ಹದ್ದು ಬಂದು ಬಿದ್ದರೆ

ಆಷಾಢದ ಗಾಳಿ ಎದ್ದಿತೆಂದರೆ ಬೆಂಗಳೂರಿನ ಹಳೆಯ ಬಡಾವಣೆಗಳ ಮೇಲೆ ಗಾಳಿಪಟಗಳು ಏಳುತ್ತವೆ. ಅವುಗಳ ಹಿಂದೆಯೇ ಹದ್ದುಗಳು ಬೀಳತೊಡಗುತ್ತವೆ. ಗಾಜಿನ ಪುಡಿ ಮೆತ್ತಿದ ಮಾಂಜಾ ದಾರ ರೆಕ್ಕೆಗೆ ಸುತ್ತಿಕೊಂಡು, ನೀರಿನ ಟ್ಯಾಂಕಿನ ಮರೆಯಲ್ಲೋ ಬಟ್ಟೆ ಒಣಗಿಸುವ ತಂತಿಯ ಕೆಳಗೋ ಹದ್ದೊಂದು ಕೂತಿರುತ್ತದೆ. ಬೇಸಿಗೆಯಲ್ಲಾದರೆ ಬಿಸಿಲಿಗೆ ಸೋತು ಬೀಳುತ್ತದೆ. ಹಳ್ಳಿಗಳಲ್ಲಿ ಹದ್ದಿನ ಬದಲು ನವಿಲು, ಕೆರೆಯ ಪಕ್ಕದ ಊರುಗಳಲ್ಲಿ ಕೊಕ್ಕರೆ ಅಥವಾ ಹೆಜ್ಜಾರ್ಲೆ (ಪೆಲಿಕನ್), ಹಳೆಯ ಕಟ್ಟಡಗಳಲ್ಲಿ ಗೂಬೆ. ಹಕ್ಕಿ ಯಾವುದಾದರೂ ಮುಂದೆ ನಡೆಯುವುದು ಹೆಚ್ಚುಕಡಿಮೆ ಒಂದೇ. ಮನೆಯವರು, ಪಕ್ಕದ ಮನೆಯವರು, ಮಕ್ಕಳು ಸುತ್ತ ನೆರೆಯುತ್ತಾರೆ. ಒಬ್ಬರು ಬಾಯಿಗೆ ನೀರು ಬಿಡುತ್ತಾರೆ, ಇನ್ನೊಬ್ಬರು ಅರಿಶಿನ ತರುತ್ತಾರೆ, ಮತ್ತೊಬ್ಬರು ಫೋಟೊ ತೆಗೆಯುತ್ತಾರೆ.

ಗಾಯದಿಂದ ಬದುಕಬಹುದಾಗಿದ್ದ ಹಕ್ಕಿಗಳು ಈ ಮೊದಲ ಅರ್ಧ ಗಂಟೆಯ ಉಪಚಾರದಿಂದ ಸಾಯುವುದುಂಟು. ಆದ್ದರಿಂದ ಮಾಡಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಫೋನ್ ಮಾಡಿ, ಬಟ್ಟೆ ಹೊದಿಸಿ, ಕತ್ತಲೆಯ ಪೆಟ್ಟಿಗೆಯಲ್ಲಿ ಇಡಿ, ಸುಮ್ಮನೆ ಬಿಡಿ. ಉಳಿದದ್ದೆಲ್ಲ ಪಶುವೈದ್ಯರ ಕೆಲಸ. ನಿಮ್ಮ ಮನೆ ಅದಕ್ಕೆ ಕೆಲವು ಗಂಟೆಗಳ ತಂಗುದಾಣ ಮಾತ್ರ.

ಮೊದಲು ದೂರದಿಂದ ನೋಡಿ

ನೆಲದ ಮೇಲೆ ಕಂಡ ಹಕ್ಕಿಗೆಲ್ಲ ಗಾಯವಾಗಿರುವುದಿಲ್ಲ. ಮಳೆಯಲ್ಲಿ ನೆಂದ ಹದ್ದು ತಾರಸಿಯ ಗೋಡೆಯ ಮೇಲೆ ರೆಕ್ಕೆ ಹರಡಿ ಕೂತಿದ್ದರೆ ಅದು ಗರಿ ಒಣಗಿಸಿಕೊಳ್ಳುತ್ತಿದೆ. ಹಗಲಲ್ಲಿ ಕಾಗೆಗಳು ಮುತ್ತಿ ಕಾಡುತ್ತಿರುವ ಗೂಬೆ ಬಹುತೇಕ ಆರೋಗ್ಯವಾಗಿಯೇ ಇರುತ್ತದೆ. ಕಾಗೆಗಳನ್ನು ಓಡಿಸಿ, ಸಂಜೆಯವರೆಗೆ ಅದನ್ನು ಅದರ ಪಾಡಿಗೆ ಬಿಟ್ಟರೆ ಕತ್ತಲಾದ ಮೇಲೆ ಹಾರಿಹೋಗುತ್ತದೆ.

ಹತ್ತಾರು ಅಡಿ ದೂರದಲ್ಲಿ ನಿಂತು ಐದು ನಿಮಿಷ ಗಮನಿಸಿ. ಎರಡು ರೆಕ್ಕೆಗಳೂ ಒಂದೇ ಎತ್ತರದಲ್ಲಿವೆಯೇ, ಒಂದು ಜೋತುಬಿದ್ದಿದೆಯೇ? ಎರಡೂ ಕಾಲಿನ ಮೇಲೆ ಭಾರ ಹಾಕಿದೆಯೇ? ಬಾಯಿ ತೆರೆದು ಏದುಸಿರು ಬಿಡುತ್ತಿದೆಯೇ? ಉಸಿರಾಡುವಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಅದಕ್ಕೆ ಉಸಿರಾಟ ಕಷ್ಟವಾಗುತ್ತಿದೆ ಎಂದೇ ಅರ್ಥ. ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದನ್ನು ಮಾತ್ರ ತೆರೆದಿದ್ದರೆ, ತಲೆ ಒಂದು ಕಡೆಗೆ ವಾಲಿದ್ದರೆ, ತಲೆಗೆ ಪೆಟ್ಟಾಗಿರಬಹುದು. ನೊಣಗಳು ಮುತ್ತಿದ್ದರೆ ಎಲ್ಲೋ ಗರಿಯ ಅಡಿಯಲ್ಲಿ ಗಾಯವಿದೆ. ಈ ಯಾವ ಲಕ್ಷಣವೂ ಕಾಣದಿದ್ದರೂ, ನೀವು ಕೈ ಚಾಚುವಷ್ಟು ಹತ್ತಿರ ಹೋದಾಗಲೂ ಹದ್ದು ಹಾರಲಿಲ್ಲವೆಂದರೆ ಅದು ಹಾರಲಾರದ ಸ್ಥಿತಿಯಲ್ಲಿದೆ. ಕಾಡುಹಕ್ಕಿ ಪ್ರೀತಿಯಿಂದ ಮನುಷ್ಯನ ಹತ್ತಿರ ಕೂರುವುದಿಲ್ಲ. ‘ಎಷ್ಟು ಸಾಧು ನೋಡಿ, ಮುಟ್ಟಿದರೂ ಸುಮ್ಮನಿದೆ’ ಎಂದು ಸಂತೋಷಪಡುವ ಹೊತ್ತಿನಲ್ಲಿ ಅದು ಭಯದಿಂದ ಮರಗಟ್ಟಿರುತ್ತದೆ.

ಗಾಜಿನ ಕಿಟಕಿಗೆ ಡಿಕ್ಕಿ ಹೊಡೆದು ಬಿದ್ದ ಹಕ್ಕಿಗಳದ್ದು ಸ್ವಲ್ಪ ಬೇರೆ ಕಥೆ. ಅವುಗಳಲ್ಲಿ ಕೆಲವು ಒಂದೆರಡು ಗಂಟೆ ಕತ್ತಲಲ್ಲಿಟ್ಟರೆ ತಾವೇ ಚೇತರಿಸಿಕೊಳ್ಳುತ್ತವೆ. ಆದರೂ ವೈದ್ಯರಿಗೆ ತೋರಿಸುವುದು ಲೇಸು. ಹಾರಿಸಿ ನೋಡೋಣವೆಂದು ತಾರಸಿಯಿಂದ ಎಸೆಯುವ ಕೆಲಸ ಮಾತ್ರ ಬೇಡವೇ ಬೇಡ. ಮುರಿದ ಮೂಳೆಯೊಂದಿಗೆ ಮೂರನೇ ಮಹಡಿಯಿಂದ ಬಿದ್ದ ಹಕ್ಕಿಗೆ ಆಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ.

ಕೈ ಹಾಕುವ ಮೊದಲು ಫೋನ್

ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಯಾವ ಊರಿನಿಂದಾದರೂ ಮೊದಲು ಮಾಡಬೇಕಾದ ಕರೆ ಇದು. ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ಘಟಕಗಳ ಸಂಖ್ಯೆ 1962. ಎರಡೂ ಒಂದೇ ಅಂಕಿಗಳ ಆಟದಂತಿರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕಾಡುಹಕ್ಕಿಗೆ 1926 ಎಂದು ನೆನಪಿಟ್ಟುಕೊಳ್ಳಿ.

ಬೆಂಗಳೂರಿನವರಿಗೆ ಇದರ ಜೊತೆಗೆ ವನ್ಯಜೀವಿಗಳಿಗೆಂದೇ ಇರುವ ಆಸ್ಪತ್ರೆಗಳ ಅನುಕೂಲವಿದೆ. ಕೆಂಗೇರಿಯ ಬಳಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ 1996ರಿಂದ ಈ ಕೆಲಸ ಮಾಡುತ್ತಿದೆ. ಹಕ್ಕಿ ಮತ್ತು ಸರೀಸೃಪಗಳಿಗಾಗಿಯೇ ಏವಿಯನ್ ಆ್ಯಂಡ್ ರೆಪ್ಟೈಲ್ ರಿಹ್ಯಾಬಿಲಿಟೇಶನ್ ಸೆಂಟರ್ ಇದೆ. ಇವುಗಳ ಫೋನ್ ಸಂಖ್ಯೆಗಳನ್ನು ಹಕ್ಕಿ ಬೀಳುವ ಮೊದಲೇ ಹುಡುಕಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅಂಥ ಆಸ್ಪತ್ರೆ ಇಲ್ಲದ ಕಡೆ ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿ ಮತ್ತು ತಾಲ್ಲೂಕು ಪಶು ಆಸ್ಪತ್ರೆ ಎರಡನ್ನೂ ಸಂಪರ್ಕಿಸಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಂಥ ಕಡೆ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯ ಸಿಗುವ ಸಾಧ್ಯತೆ ಹೆಚ್ಚು. ದನ, ಕುರಿ, ನಾಯಿಗಳಿಗೆ ಚಿಕಿತ್ಸೆ ಮಾಡುವ ಎಲ್ಲ ವೈದ್ಯರಿಗೂ ಹದ್ದಿನ ಅಭ್ಯಾಸವಿರುವುದಿಲ್ಲ. ‘ಕಾಡುಹಕ್ಕಿಗಳನ್ನು ನೋಡುತ್ತೀರಾ?’ ಎಂದು ಫೋನಿನಲ್ಲೇ ಕೇಳಿಬಿಡುವುದು ಒಳ್ಳೆಯದು.

ಕರೆ ಮಾಡಿದಾಗ ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಗಾತ್ರ, ಕೊಕ್ಕಿನ ಆಕಾರ, ಕಾಲಿನ ಉದ್ದ, ಎಲ್ಲಿ ಬಿದ್ದಿದೆ, ಏನು ಕಾಣುತ್ತಿದೆ ಎಂದು ಹೇಳಿ. ದೂರದಿಂದ ಒಂದು ಫೋಟೊ ಕಳಿಸಿ. ಫೋಟೊ ತೆಗೆಯಲು ಇರುವ ಏಕೈಕ ಒಳ್ಳೆಯ ಕಾರಣ ಇದು. ಯಾರಾದರೂ ಬರುತ್ತಾರೆಯೇ, ನೀವೇ ಒಯ್ಯಬೇಕೇ, ಎಷ್ಟು ಹೊತ್ತಾಗುತ್ತದೆ, ಈ ಮೂರನ್ನು ಕೇಳಿ ತಿಳಿದುಕೊಳ್ಳಿ. ಬೇಗ ಬರುತ್ತೇವೆಂದರೆ ಹಕ್ಕಿಯನ್ನು ಹಿಡಿಯುವ ಗೋಜಿಗೇ ಹೋಗಬೇಡಿ. ಅದರ ಮೇಲೊಂದು ದೊಡ್ಡ ಬಿದಿರಿನ ಬುಟ್ಟಿಯನ್ನೋ ರಟ್ಟಿನ ಪೆಟ್ಟಿಗೆಯನ್ನೋ ಬೋರಲು ಹಾಕಿ, ಮೇಲೊಂದು ಬಟ್ಟೆ ಹೊದಿಸಿ, ನಾಯಿ, ಬೆಕ್ಕು ಮತ್ತು ಜನರನ್ನು ದೂರವಿಡಿ.

ಹಿಡಿಯಲೇಬೇಕಾದರೆ

ಮೊದಲು ಪೆಟ್ಟಿಗೆ ಸಿದ್ಧವಾಗಿರಬೇಕು. ಹಕ್ಕಿಯನ್ನು ಕೈಯಲ್ಲಿ ಹಿಡಿದುಕೊಂಡು ‘ಪೆಟ್ಟಿಗೆ ತನ್ನಿ, ಪೆಟ್ಟಿಗೆ ತನ್ನಿ’ ಎಂದು ಕೂಗುವ ಪರಿಸ್ಥಿತಿ ಬರಬಾರದು. ಹದ್ದಿಗೆ ಸುಮಾರು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಅಷ್ಟೇ ಎತ್ತರದ ರಟ್ಟಿನ ಪೆಟ್ಟಿಗೆ ಸಾಕು. ನಿಂತು ತಿರುಗಲು ಜಾಗವಿರಬೇಕು, ರೆಕ್ಕೆ ಬಿಚ್ಚಲು ಇರಬಾರದು. ಪಕ್ಕಗಳಲ್ಲಿ, ತಳದಿಂದ ನಾಲ್ಕು ಬೆರಳು ಮೇಲೆ, ಪೆನ್ಸಿಲ್ ತೂರುವಷ್ಟು ದೊಡ್ಡ ರಂಧ್ರಗಳನ್ನು ಮಾಡಿ. ಹಕ್ಕಿ ಒಳಗಿರುವಾಗ ಚಾಕುವಿನಿಂದ ರಂಧ್ರ ಮಾಡಲು ಹೊರಟವರೂ ಇದ್ದಾರೆ, ಆದ್ದರಿಂದ ಹೇಳುತ್ತಿದ್ದೇನೆ. ತಳಕ್ಕೆ ಹಳೆಯ ಹತ್ತಿ ಸೀರೆಯನ್ನೋ ಬೆಡ್‌ಶೀಟನ್ನೋ ಮಡಿಸಿ ಹಾಸಿ. ಬರಿಯ ದಿನಪತ್ರಿಕೆ ಹಾಸಿದರೆ ಕಾಲು ಜಾರುತ್ತದೆ. ನೂಲು ಎದ್ದಿರುವ ಟವೆಲ್ ಹಾಸಿದರೆ ಉಗುರು ಸಿಕ್ಕಿಕೊಳ್ಳುತ್ತದೆ.

ಗಿಳಿಯ ಪಂಜರ, ಕೋಳಿಯ ಜಾಲರಿ ಗೂಡು ಬೇಡ. ಸರಳುಗಳಿಗೆ ಬಡಿದು ರೆಕ್ಕೆಯ ಮತ್ತು ಬಾಲದ ಉದ್ದ ಗರಿಗಳು ಮುರಿಯುತ್ತವೆ. ಮುರಿದ ಗರಿ ಬೆಳೆಯುವುದಿಲ್ಲ, ಅದು ಉದುರಿ ಹೊಸದು ಹುಟ್ಟಬೇಕು. ಗಾಯ ಎರಡು ವಾರದಲ್ಲಿ ಮಾಯ್ದರೂ ಗರಿಗಾಗಿ ಆ ಹದ್ದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಕಾಯಬೇಕಾಗುತ್ತದೆ.

ಇನ್ನು ಹಿಡಿಯುವುದು. ಹದ್ದಿನ ಆಯುಧ ಕೊಕ್ಕಲ್ಲ, ಕಾಲು. ನೀವು ಹತ್ತಿರ ಹೋದೊಡನೆ ಅದು ಬೆನ್ನ ಮೇಲೆ ಉರುಳಿ, ಎರಡೂ ಕಾಲುಗಳನ್ನು ನಿಮ್ಮತ್ತ ಎತ್ತಿ, ಬೆರಳುಗಳನ್ನು ಬಿಡಿಸಿ ಹಿಡಿಯಬಹುದು. ಎಂಟು ಉಗುರುಗಳು ಸಿದ್ಧವಾಗಿ ನಿಂತಿರುತ್ತವೆ. ಆ ಉಗುರುಗಳ ನಡುವೆ ನಿಮ್ಮ ಕೈ ಹೋಗಬಾರದು.

1. ತೋಟಗಾರಿಕೆಯ ದಪ್ಪ ಕೈಗವಸೋ ಬೈಕ್ ಓಡಿಸುವವರ ಚರ್ಮದ ಕೈಗವಸೋ ಹಾಕಿಕೊಳ್ಳಿ. ಪೂರ್ಣ ತೋಳಿನ ಅಂಗಿ, ಮುಖಕ್ಕೆ ಮಾಸ್ಕ್ ಇರಲಿ. ಒಬ್ಬರೇ ಹೋಗಿ, ಇನ್ನೊಬ್ಬರು ಪೆಟ್ಟಿಗೆ ಹಿಡಿದು ನಿಲ್ಲಲಿ. ಉಳಿದವರು ಕೆಳಗೆ ಹೋಗಲಿ.

2. ಹಿಂದಿನಿಂದ, ನಿಧಾನವಾಗಿ, ಮಾತಾಡದೆ ಹೋಗಿ ದಪ್ಪ ಬಟ್ಟೆಯೊಂದನ್ನು ಪೂರ್ತಿ ಮುಚ್ಚುವಂತೆ ಮೇಲೆ ಹಾಕಿ. ತಲೆ ಮುಚ್ಚಿದೊಡನೆ ಹಕ್ಕಿ ಅರ್ಧ ಶಾಂತವಾಗುತ್ತದೆ.

3. ಬಟ್ಟೆಯ ಮೇಲಿನಿಂದ ಎರಡೂ ರೆಕ್ಕೆಗಳನ್ನು ಮೈಗೆ ಸೇರಿಸಿ ಹಿಡಿಯಿರಿ. ಆಮೇಲೆ ಕಾಲುಗಳನ್ನು ಹುಡುಕಿ, ಪಾದದ ಮೇಲ್ಭಾಗದಲ್ಲಿ ಹಿಡಿತಕ್ಕೆ ತಂದುಕೊಳ್ಳಿ. ಜೋತುಬಿದ್ದ ರೆಕ್ಕೆಯನ್ನು ಎಳೆದು ಮಡಿಸಬೇಡಿ, ಎಷ್ಟು ಸಲೀಸಾಗಿ ಬರುತ್ತದೋ ಅಷ್ಟೇ.

4. ಎದೆಯನ್ನು ಒತ್ತಬೇಡಿ. ಹಕ್ಕಿಗಳಿಗೆ ನಮಗಿರುವಂತೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಾಟ ನಡೆಸುವ ಸ್ನಾಯುವಿನ ಪರದೆ, ಇಲ್ಲ. ಎದೆಮೂಳೆ ಮುಂದಕ್ಕೆ ಹಿಂದಕ್ಕೆ ಆಡಿದರೆ ಮಾತ್ರ ಗಾಳಿ ಒಳಗೆ ಹೊರಗೆ ಆಡುತ್ತದೆ. ಮೂಗು ಬಾಯಿ ತೆರೆದೇ ಇದ್ದರೂ ಎದೆಯನ್ನು ಬಿಗಿಯಾಗಿ ಅಪ್ಪಿ ಹಿಡಿದರೆ ಅದು ಉಸಿರುಕಟ್ಟಿ ಸಾಯುತ್ತದೆ.

5. ಬಟ್ಟೆಯ ಸಮೇತ ಪೆಟ್ಟಿಗೆಗೆ ಇಳಿಸಿ, ಬಟ್ಟೆಯನ್ನು ಸಡಿಲಿಸಿ ನಿಧಾನವಾಗಿ ತೆಗೆಯಿರಿ, ಮುಚ್ಚಳ ಮುಚ್ಚಿ ಟೇಪ್ ಹಾಕಿ.

ಅಷ್ಟಾಗಿಯೂ ಉಗುರು ಕೈಯನ್ನು ಹಿಡಿಯಿತೆನ್ನಿ. ಜಗ್ಗಬೇಡಿ. ಜಗ್ಗಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಅದರ ಕಾಲಿನ ಸ್ನಾಯುರಜ್ಜುಗಳು ಬೆರಳುಗಳನ್ನು ಮಡಿಸಿದ ಸ್ಥಿತಿಯಲ್ಲೇ ಬೀಗ ಹಾಕಿಡುವಂಥವು. ಜೊತೆಗಿದ್ದವರು ಅದರ ಕಾಲನ್ನು ಹಿಂದಕ್ಕೆ ನೇರವಾಗಿ ಚಾಚಿ, ಹಿಂಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಬಿಡಿಸಲಿ. ಆಮೇಲೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ಕೊಳೆತ ಮಾಂಸ ಹಿಡಿದ ಉಗುರು ಅದು, ಟೆಟನಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.

ಕೊಕ್ಕರೆ, ಹೆಜ್ಜಾರ್ಲೆ, ನವಿಲು

ಹದ್ದಿಗೆ ಹೇಳಿದ್ದೆಲ್ಲ ಗೂಬೆಗೂ ಸಲ್ಲುತ್ತದೆ. ಉದ್ದ ಕೊಕ್ಕಿನ ನೀರುಹಕ್ಕಿಗಳಿಗೆ ಲೆಕ್ಕಾಚಾರ ತಿರುಗುಮುರುಗು. ಬೆಳ್ಳಕ್ಕಿ, ಬೂದು ಬಕ, ಬಣ್ಣದ ಕೊಕ್ಕರೆಗಳು ಕೊಕ್ಕನ್ನು ಈಟಿಯ ಹಾಗೆ ಬೀಸುತ್ತವೆ, ಗುರಿ ನಿಮ್ಮ ಕಣ್ಣು. ಅದಕ್ಕೆ ಎಲ್ಲರ ಮನೆಯಲ್ಲೂ ಇರುವ ರಕ್ಷಣೆಯೆಂದರೆ ಬೈಕಿನ ಹೆಲ್ಮೆಟ್. ಗಾಜು ಇಳಿಸಿಕೊಂಡು ಹೋಗಿ. ನೋಡಿದವರು ನಗಲಿ. ಬಟ್ಟೆ ಹಾಕಿ, ಮೊದಲು ತಲೆಯ ಹಿಂದೆ ಕತ್ತನ್ನು ಮೃದುವಾಗಿ ಹಿಡಿದು, ಆಮೇಲೆ ಮೈಯನ್ನು ತೋಳಿನ ಕೆಳಗೆ ಸೇರಿಸಿಕೊಳ್ಳಿ. ಕೊಕ್ಕಿಗೆ ರಬ್ಬರ್ ಬ್ಯಾಂಡ್ ಬಿಗಿಯುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿಗಳಿಗೆ ಹಾಗೆ ಮಾಡಿದರೆ ಕೊಂದಂತೆಯೇ ಆಗುತ್ತದೆ. ಅವುಗಳ ಹೊರಮೂಗಿನ ರಂಧ್ರ ಮುಚ್ಚಿಹೋಗಿರುವುದರಿಂದ ಅವು ಉಸಿರಾಡುವುದು ಬಾಯಿಯಿಂದ. ಹೆಜ್ಜಾರ್ಲೆಯ ಕೊಕ್ಕನ್ನು ಹಿಡಿಯುವಾಗ ಎರಡು ದಳಗಳ ನಡುವೆ ಒಂದು ಬೆರಳನ್ನು ಇಟ್ಟು ಸಂದು ಉಳಿಸಿಕೊಳ್ಳಬೇಕು.

ಉದ್ದ ಕಾಲಿನ ಹಕ್ಕಿಗಳನ್ನು ಕಾಲು ಮಡಿಸಿ ಸಣ್ಣ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಅದುಮಿಡಬಾರದು. ಹಿಡಿಯುವಾಗಿನ ಒದ್ದಾಟ, ಭಯ ಮತ್ತು ಇಕ್ಕಟ್ಟಿನಿಂದ ಅವುಗಳ ಸ್ನಾಯುಗಳೇ ಹಾಳಾಗಿ ಮತ್ತೆ ನಿಲ್ಲಲಾರದೆ ಹೋಗುತ್ತವೆ. ಫ್ರಿಜ್ ಅಥವಾ ವಾಷಿಂಗ್ ಮೆಷೀನ್ ಬಂದ ಎತ್ತರದ ಪೆಟ್ಟಿಗೆ ಸಿಕ್ಕರೆ ನಿಲ್ಲಿಸಿಯೇ ಇಡಬಹುದು. ಬೆನ್ನಟ್ಟಿ ಓಡಿಸಿ ಸುಸ್ತು ಮಾಡಿ ಹಿಡಿಯುವುದಂತೂ ಈ ಹಕ್ಕಿಗಳಿಗೆ ಮತ್ತು ನವಿಲಿಗೆ ಅತಿ ಕೆಟ್ಟದ್ದು. ಒಂದೆರಡು ಪ್ರಯತ್ನದಲ್ಲಿ ಸಿಗದಿದ್ದರೆ ಬಿಟ್ಟು, ಇಲಾಖೆಯವರು ಬರುವವರೆಗೆ ಎಲ್ಲಿ ಅಡಗಿದೆ ಎಂದು ಕಣ್ಣಿಡಿ.

ಗಂಡು ನವಿಲು ನಾಲ್ಕರಿಂದ ಆರು ಕೆ.ಜಿ. ತೂಗುತ್ತದೆ, ಕಾಲಿನ ಹಿಂದೆ ಚೂಪಾದ ಮುಳ್ಳಿದೆ. ಗರಿಯನ್ನು ಹಿಡಿದರೆ ಗರಿ ನಿಮ್ಮ ಕೈಯಲ್ಲಿ ಉಳಿಯುತ್ತದೆ, ನವಿಲು ಹೋಗುತ್ತದೆ. ಅದಕ್ಕೆ ಪೆಟ್ಟಿಗೆ ಹುಡುಕುವುದು ಕಷ್ಟ. ಮನೆಯ ಸ್ನಾನದ ಕೋಣೆಯೇ ಸೂಕ್ತ: ಬಕೆಟ್‌ಗಳನ್ನು ಹೊರಗಿಟ್ಟು, ನೆಲಕ್ಕೆ ಗೋಣಿಚೀಲ ಹಾಸಿ, ಕಿಟಕಿಗೆ ಬಟ್ಟೆ ಕಟ್ಟಿ, ದೀಪ ಆರಿಸಿ, ಬಾಗಿಲು ಹಾಕಿಬಿಡಿ.

ಬಾಯಿಗೆ ನೀರು ಬಿಡಬೇಡಿ

ಬಿದ್ದ ಜೀವಕ್ಕೆ ನೀರು ಕೊಡುವುದು ನಮ್ಮಲ್ಲಿ ಪುಣ್ಯದ ಕೆಲಸ. ಕಡೆಯ ಗಳಿಗೆಯಲ್ಲಿ ತುಳಸಿ ನೀರು ಬಿಡುವ ಮನೆಗಳವರು ನಾವು. ಹದ್ದಿನ ಕೊಕ್ಕನ್ನು ಬಿಡಿಸಿ ಲೋಟದಿಂದಲೋ ಸಿರಿಂಜಿನಿಂದಲೋ ನೀರು ಸುರಿಯುವವರನ್ನು ತಡೆಯುವುದು ಆದ್ದರಿಂದಲೇ ಕಷ್ಟ. ತಡೆದವರು ಕಲ್ಲುಮನಸ್ಸಿನವರಾಗುತ್ತಾರೆ.

ಆದರೆ ಹಕ್ಕಿಯ ಬಾಯಿಯನ್ನು ಒಮ್ಮೆ ಒಳಗಿನಿಂದ ನೋಡಿದವರು ಮತ್ತೆ ಹಾಗೆ ಮಾಡುವುದಿಲ್ಲ. ನಾಲಿಗೆಯ ಬುಡದಲ್ಲೇ, ಬಾಯಿ ತೆರೆದರೆ ಕಣ್ಣಿಗೆ ಕಾಣುವಂತೆ, ಸಣ್ಣದೊಂದು ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದು ಶ್ವಾಸನಾಳದ ಬಾಯಿ. ಅದಕ್ಕೆ ಮುಚ್ಚಳವಿಲ್ಲ. ಮೇಲಿನಿಂದ ಸುರಿದ ನೀರು ನೇರವಾಗಿ ಅಲ್ಲಿಗೆ ಇಳಿಯುತ್ತದೆ. ಸೋತ ಹಕ್ಕಿಗೆ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ. ನೀರು ಕುಡಿದು ತೃಪ್ತಿಯಾಗಿ ಕಣ್ಣು ಮುಚ್ಚಿತು ಎಂದು ಜನ ಹೇಳುತ್ತಾರಲ್ಲ, ಅದು ಮುಳುಗಿ ಸತ್ತಿರುತ್ತದೆ.

ಪೆಟ್ಟಿಗೆ ದೊಡ್ಡದಾಗಿದ್ದು, ಹಕ್ಕಿ ತಲೆ ನೆಟ್ಟಗೆ ಹಿಡಿದು ನಿಂತಿದ್ದು, ವೈದ್ಯರು ಸಿಗುವುದು ತುಂಬ ತಡವಾಗುವಂತಿದ್ದರೆ ಅಗಲವಾದ, ಭಾರದ, ಆಳವಿಲ್ಲದ ತಟ್ಟೆಯಲ್ಲಿ ಒಂದು ಬೆರಳಿನಷ್ಟು ನೀರಿಟ್ಟು ಬಿಡಿ. ಬೇಕಾದರೆ ಅದೇ ಕುಡಿಯುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ಹಕ್ಕಿಯಾದರೆ ನೆರಳಿಗೆ ತಂದು, ಕಾಲುಗಳ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಇಡಬಹುದು. ಮೈಮೇಲೆ ಬಕೆಟ್ ನೀರು ಸುರಿಯಬಾರದು.

ಹಾಲನ್ನಂತೂ ಯಾವ ಹಕ್ಕಿಗೂ ಕೊಡಬಾರದು. ಹಾಲಿನ ಸಕ್ಕರೆಯನ್ನು ಅರಗಿಸುವ ವ್ಯವಸ್ಥೆ ಅವುಗಳಿಗಿಲ್ಲ. ಕಂದು ಮೈ, ಬಿಳಿಯ ತಲೆಯ ಗರುಡ ಬಿದ್ದರೆ ಈ ಅಪಾಯ ಹೆಚ್ಚು, ವಿಷ್ಣುವಿನ ವಾಹನವೆಂದು ಹಾಲು, ಕುಂಕುಮ, ಹೂವು ಎಲ್ಲವೂ ಬರುತ್ತವೆ. ಭಕ್ತಿಯಿದ್ದವರು ಪೆಟ್ಟಿಗೆಗೆ ಹೊರಗಿನಿಂದ ಕೈ ಮುಗಿಯಬಹುದು. ಅನ್ನ, ಬ್ರೆಡ್, ಬಿಸ್ಕತ್ತು, ಉಪ್ಪು ಖಾರ ಹಾಕಿದ ಮಾಂಸ ಯಾವುದೂ ಬೇಡ. ಒಂದು ದಿನ ಊಟವಿಲ್ಲದೆ ಹದ್ದು ಸಾಯುವುದಿಲ್ಲ. ಆದರೆ ದಿನಗಟ್ಟಲೆ ಹಸಿದು ಎಲುಬು ಕಾಣುವಂತಾದ ಹಕ್ಕಿಗೆ ಒಮ್ಮೆಲೇ ಮಾಂಸ ತಿನ್ನಿಸಿದರೆ ಆ ಊಟವೇ ಅದನ್ನು ಕೊಲ್ಲಬಹುದು. ವೈದ್ಯರು ಫೋನಿನಲ್ಲಿ ಹೇಳಿದರೆ ಮಾತ್ರ, ಹೇಳಿದ್ದನ್ನು ಮಾತ್ರ ಕೊಡಿ.

ಔಷಧಿಯ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಮನೆಯ ಡಬ್ಬಿಯಲ್ಲಿರುವ ನೋವಿನ ಮಾತ್ರೆಯನ್ನು ಅರೆದು ಕೊಡುವ ಯೋಚನೆಯೇ ಬೇಡ. ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಕೊಟ್ಟ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ದೇಶದಾದ್ಯಂತ ಅವು ಬಹುತೇಕ ಅಳಿದೇ ಹೋದವು. 2006ರಲ್ಲಿ ಜಾನುವಾರುಗಳಿಗೆ ಆ ಔಷಧಿಯನ್ನು ನಿಷೇಧಿಸಬೇಕಾಯಿತು. ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳಿಗಾಗಿ 2012ರಲ್ಲಿ ವನ್ಯಧಾಮ ಮಾಡಿದ್ದರ ಹಿಂದೆಯೂ ಈ ಅಳಿವಿನ ಭಯವಿದೆ. ಮನುಷ್ಯರಿಗೆ ಸಾಧಾರಣವೆನಿಸುವ ಗುಳಿಗೆ ಹಕ್ಕಿಯ ಮೈಯಲ್ಲಿ ಏನು ಮಾಡುತ್ತದೆಂದು ಹೇಳಲು ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಅರಿಶಿನ, ಕಾಫಿಪುಡಿ, ಕೊಬ್ಬರಿ ಎಣ್ಣೆ, ಮುಲಾಮು ಕೂಡ ದೂರವಿರಲಿ. ಪುಡಿ ಗಾಯದಲ್ಲಿ ಗಟ್ಟಿಯಾಗಿ ಕೂತರೆ ವೈದ್ಯರು ಅದನ್ನು ಕೆರೆದು ತೆಗೆದ ಮೇಲೆಯೇ ಗಾಯ ನೋಡಬೇಕಾಗುತ್ತದೆ. ಎಣ್ಣೆ ಹತ್ತಿದ ಗರಿ ನೀರು ಮತ್ತು ಚಳಿ ತಡೆಯುವ ಗುಣ ಕಳೆದುಕೊಳ್ಳುತ್ತದೆ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆ ಅಥವಾ ಗಾಯಕ್ಕೆ ಕಟ್ಟುವ ಜಾಳು ಬಟ್ಟೆ (ಗಾಜ್) ಒತ್ತಿ ಕೆಲವು ನಿಮಿಷ ಹಿಡಿಯಿರಿ, ಅಷ್ಟೇ. ಮುರಿದ ರೆಕ್ಕೆಗೆ ಐಸ್‌ಕ್ರೀಂ ಕಡ್ಡಿ ಕಟ್ಟಲು ಹೋಗಬೇಡಿ. ಹಕ್ಕಿಯ ತೋಳಿನ ಮೂಳೆ ಟೊಳ್ಳು, ಅದು ಉಸಿರಿನ ಗಾಳಿಚೀಲಗಳಿಗೆ ಸೇರಿಕೊಂಡಿರುತ್ತದೆ. ಅಡ್ಡಾದಿಡ್ಡಿ ಕಟ್ಟಿದರೆ ಚರ್ಮದೊಳಗಿದ್ದ ಮುರಿತ ಚರ್ಮ ಹರಿದು ಹೊರಬರುತ್ತದೆ. ಕತ್ತಲೆಯ ಪೆಟ್ಟಿಗೆಯಲ್ಲಿ ಅಲುಗಾಡದೆ ನಿಂತಿರುವುದೇ ಸದ್ಯಕ್ಕೆ ಅದಕ್ಕೆ ಸಿಗಬಹುದಾದ ಉತ್ತಮ ಪಟ್ಟಿ.

ಮಾಂಜಾ, ಗಾಳ, ವಿದ್ಯುತ್ ತಂತಿ

ನೈಲಾನಿನಂಥ ಕೃತಕ ಎಳೆಯಿಂದ ಮಾಡಿದ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ. ಅಂಗಡಿಯಲ್ಲಿ ಕೇಳುವ ರೀತಿಯಲ್ಲಿ ಕೇಳಿದರೆ ಈಗಲೂ ಸಿಗುತ್ತದೆ ಎಂಬುದು ಗಾಳಿಪಟ ಹಾರಿಸುವ ಹುಡುಗರಿಗೆಲ್ಲ ಗೊತ್ತು. ಹದ್ದಿನ ಭುಜದಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂದಂಚಿನಲ್ಲಿ ತೆಳುವಾದ ಚರ್ಮದ ಪಟ್ಟಿಯೊಂದಿದೆ. ರೆಕ್ಕೆ ಬಿಚ್ಚಿದಾಗ ಬಿಗಿಯಾಗಿ ನಿಂತು ಹಾರಾಟಕ್ಕೆ ಆಧಾರವಾಗುವುದು ಅದೇ. ಮಾಂಜಾ ಕೊಯ್ಯುವುದು ಸಾಮಾನ್ಯವಾಗಿ ಅದನ್ನು, ಕೆಲವೊಮ್ಮೆ ಸ್ನಾಯುವನ್ನು ದಾಟಿ ಮೂಳೆಯವರೆಗೆ. ದಾರವನ್ನು ನೀವು ಎಳೆದರೆ ಅದು ಮತ್ತೊಮ್ಮೆ ಗರಗಸದಂತೆ ಆಡುತ್ತದೆ. ಆದ್ದರಿಂದ ಸುತ್ತಿದ್ದನ್ನು ಬಿಡಿಸಬೇಡಿ. ಹಕ್ಕಿಯಿಂದ ಆಚೆಗೆ ಹೋಗಿರುವ ಎಳೆಯನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಮೈಮೇಲಿನದನ್ನು ಹಾಗೆಯೇ ಬಿಟ್ಟು ಪೆಟ್ಟಿಗೆಗೆ ಇಳಿಸಿ.

ತೆಂಗಿನ ಮರದಲ್ಲೋ ಮೊಬೈಲ್ ಗೋಪುರದಲ್ಲೋ ದಾರಕ್ಕೆ ನೇತಾಡುತ್ತಿದ್ದರೆ ಕೆಳಗಿನಿಂದ ದಾರ ಜಗ್ಗಬೇಡಿ. 1926ಕ್ಕೆ ಹೇಳಿ, ಅಗ್ನಿಶಾಮಕ ದಳದ ಏಣಿ ಬೇಕೆಂದರೆ 112ಕ್ಕೆ ಕರೆ ಮಾಡಿ. ಇಳಿಸುವವರು ಮೇಲೆ ಹತ್ತುವಾಗ ಕೆಳಗೆ ನಾಲ್ಕು ಜನ ಬೆಡ್‌ಶೀಟ್ ಹಿಡಿದು ನಿಲ್ಲುವುದು ಉಪಯೋಗಕ್ಕೆ ಬರುತ್ತದೆ. ವಿದ್ಯುತ್ ತಂತಿಯಲ್ಲಿ ಸಿಕ್ಕಿದ್ದರೆ ಕೋಲು, ಬಿದಿರು, ಏಣಿ ಏನನ್ನೂ ಹಿಡಿದು ಹೋಗಬಾರದು. ಮೊದಲು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ಮಾರ್ಗದ ವಿದ್ಯುತ್ ನಿಲ್ಲಿಸಬೇಕು. ಶಾಕ್ ಹೊಡೆದು ಬಿದ್ದ ಹಕ್ಕಿ ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣಬಹುದು. ಅದರ ಸುಟ್ಟಗಾಯ ಬಯಲಾಗುವುದು ಕೆಲವು ದಿನಗಳ ನಂತರ. ‘ಈಗ ಸರಿಹೋಯಿತು’ ಎಂದು ಹಾರಿಬಿಡದೆ ವೈದ್ಯರಿಗೆ ಒಪ್ಪಿಸಿ.

ಕೆರೆಯ ಹಕ್ಕಿಗಳ ಬಾಯಲ್ಲಿ ಮೀನಿನ ಗಾಳ ಸಿಕ್ಕಿದ್ದರೂ ಇದೇ ನಿಯಮ. ಎಳೆಯಬಾರದು. ಬಾಯಿಂದ ಹೊರಗಿರುವ ದಾರವನ್ನು ತೀರ ಗಿಡ್ಡ ಕತ್ತರಿಸಲೂ ಬಾರದು. ಗಾಳ ಹೊಟ್ಟೆಯಲ್ಲಿದ್ದರೆ ವೈದ್ಯರಿಗೆ ಅದರ ಜಾಡು ತೋರಿಸುವುದು ಆ ದಾರವೇ.

ರಾತ್ರಿ ಮನೆಯಲ್ಲೇ ಇಡಬೇಕಾಗಿ ಬಂದರೆ

ಸಂಜೆ ಆರರ ನಂತರ ಬಿದ್ದ ಹಕ್ಕಿ ಬೆಳಗಿನವರೆಗೆ ನಿಮ್ಮ ಬಳಿಯೇ ಇರಬೇಕಾಗಬಹುದು. ಪೆಟ್ಟಿಗೆಯನ್ನು ಟಿ.ವಿ., ಮಿಕ್ಸಿ, ಮಕ್ಕಳ ಗಲಾಟೆ ಕೇಳದ ಕೋಣೆಯಲ್ಲಿ, ನೆಲದ ಮೇಲೆ ಇಡಿ. ಅಡುಗೆಮನೆ ಬೇಡ, ಹೊಗೆ ಮತ್ತು ಒಗ್ಗರಣೆಯ ಘಾಟು ಹಕ್ಕಿಯ ಉಸಿರಾಟಕ್ಕೆ ಕಷ್ಟ. ಊದುಬತ್ತಿ, ಸೊಳ್ಳೆ ಬತ್ತಿಯನ್ನೂ ಆ ಕೋಣೆಯಲ್ಲಿ ಹಚ್ಚಬೇಡಿ. ಚಳಿಗಾಲವಾದರೆ ಬಿಸಿನೀರಿನ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಮೂಲೆಯಲ್ಲಿಡಿ. ಬಿಸಿ ಹೆಚ್ಚಾದರೆ ಹಕ್ಕಿ ಇನ್ನೊಂದು ಮೂಲೆಗೆ ಸರಿಯಲು ಜಾಗವಿರಲಿ.

ಇದಕ್ಕಿಂತ ಕಷ್ಟದ್ದು ಮುಚ್ಚಳ ತೆರೆಯದಿರುವುದು. ಪ್ರತಿ ಸಲ ಇಣುಕಿದಾಗಲೂ ಹಕ್ಕಿಯ ಪಾಲಿಗೆ ಅದನ್ನು ತಿನ್ನುವ ಪ್ರಾಣಿ ಬಂದಂತೆ. ತಲೆ ಸವರುವುದು, ಮಾತಾಡಿಸುವುದು ನಾಯಿಮರಿಗೆ ಹಿತ, ಹದ್ದಿಗೆ ಯಮಯಾತನೆ. ಒಳಗೆ ಕೊಕ್ಕು ಬಡಿಯುವ, ಕಾಲು ಕೆರೆಯುವ ಸದ್ದು ಕೇಳಿದರೆ ಬದುಕಿದೆ ಎಂದು ತಿಳಿದು ಮಲಗಿ.

ಕೋಣೆಯಿಂದ ಹೊರಬಂದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಹಕ್ಕಿಯ ಗರಿಗಳಲ್ಲಿ ಚಪ್ಪಟೆಯಾದ ನೊಣಗಳು ಇರುತ್ತವೆ, ಹಿಡಿದವರ ಅಂಗಿಯೊಳಗೂ ಹೊಕ್ಕು ಗಾಬರಿ ಹುಟ್ಟಿಸುತ್ತವೆ. ಬಟ್ಟೆ ಬದಲಿಸಿ ಒಗೆಯಲು ಹಾಕಿದರೆ ಮುಗಿಯಿತು.

ಒಂದು ಎಚ್ಚರಿಕೆ. ಒಂದೇ ಜಾಗದಲ್ಲಿ ಹಲವು ಕಾಗೆ, ಕೊಕ್ಕರೆ, ನವಿಲುಗಳು ಸತ್ತು ಬಿದ್ದಿದ್ದರೆ, ಅಥವಾ ಕತ್ತು ತಿರುಚಿಕೊಂಡು ನಡುಗುತ್ತಿದ್ದರೆ ಮುಟ್ಟಲೇಬೇಡಿ. ವಿಷಪ್ರಾಶನವೋ ಹಕ್ಕಿಜ್ವರವೋ ಆಗಿರಬಹುದು. ಹಕ್ಕಿಜ್ವರ 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೋಳಿಗಳಲ್ಲಿ ಕಾಣಿಸಿಕೊಂಡಿತ್ತು. ಪಶುಸಂಗೋಪನಾ ಇಲಾಖೆಗೆ ತಿಳಿಸಿ, ಮನೆಯ ಕೋಳಿಗಳನ್ನು ಒಳಗೆ ಕೂಡಿಹಾಕಿ.

ಸಾಕಿಕೊಳ್ಳುತ್ತೇವೆ ಎನ್ನುವವರಿಗೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳು ಸರ್ಕಾರದ ಸ್ವತ್ತು. ಅವು ಯಾವುದೇ ರೀತಿಯಲ್ಲಿ ನಿಮ್ಮ ವಶಕ್ಕೆ ಬಂದರೆ 48 ಗಂಟೆಗಳ ಒಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಕಾಪಾಡುವುದು ತಪ್ಪಲ್ಲ, ತಿಳಿಸದೆ ಇಟ್ಟುಕೊಳ್ಳುವುದು ತಪ್ಪು. ಆದ್ದರಿಂದ ಕರೆ ಮಾಡಿದ ಸಮಯ, ಮಾತಾಡಿದವರ ಹೆಸರನ್ನು ಬರೆದಿಟ್ಟುಕೊಳ್ಳಿ.

ಉತ್ತರ ಪ್ರದೇಶದ ಅಮೇಠಿಯಲ್ಲಿ ಕಾಲು ಮುರಿದ ಸಾರಸ ಕೊಕ್ಕರೆಯೊಂದನ್ನು ರೈತರೊಬ್ಬರು ಆರೈಕೆ ಮಾಡಿದ್ದರು. ಅದು ಅವರ ಬೈಕಿನ ಹಿಂದೆ ಹಾರಿಬರುವ ವಿಡಿಯೊ ದೇಶವೆಲ್ಲ ನೋಡಿತು. 2023ರಲ್ಲಿ ಅರಣ್ಯ ಇಲಾಖೆ ಆ ಹಕ್ಕಿಯನ್ನು ಒಯ್ದಿತು, ಅದು ಕಡೆಗೆ ಕಾನ್ಪುರದ ಮೃಗಾಲಯ ಸೇರಿತು. ರೈತರ ಪ್ರೀತಿಯನ್ನು ಯಾರೂ ಸಂಶಯಿಸಲಿಲ್ಲ. ಆದರೆ ಮನುಷ್ಯನಿಗೆ ಒಗ್ಗಿಹೋದ ದೊಡ್ಡ ಹಕ್ಕಿಯನ್ನು ಮತ್ತೆ ಬಯಲಿಗೆ ಬಿಡುವುದು ಎಷ್ಟು ಕಷ್ಟ ಎನ್ನುವುದೂ ಆಗ ಎಲ್ಲರಿಗೂ ಕಂಡಿತು.

ಮರಿಗಳ ವಿಷಯದಲ್ಲಿ ಇದು ಇನ್ನೂ ನಿಜ. ಗೂಡಿನಿಂದ ಬಿದ್ದ ಹದ್ದಿನ ಅಥವಾ ಗೂಬೆಯ ಮರಿಗೆ ಗಾಯವಿಲ್ಲದಿದ್ದರೆ ಅದಕ್ಕೆ ಬೇಕಾದದ್ದು ಅದರ ತಂದೆತಾಯಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ಮಾತು ಸುಳ್ಳು. ಗೂಡಿಗೆ ಕೈ ನಿಲುಕದಿದ್ದರೆ ತೂತುಗಳಿರುವ ಬುಟ್ಟಿಯೊಂದನ್ನು ಅದೇ ಮರಕ್ಕೆ, ಬೆಕ್ಕು ಹತ್ತದ ಎತ್ತರದಲ್ಲಿ ಕಟ್ಟಿ, ಮರಿಯನ್ನು ಇಟ್ಟು ದೂರ ಹೋಗಿ ಕಾಯಿರಿ. ತಲೆಯ ಮೇಲೆ ದೊಡ್ಡ ಹದ್ದು ಎರಗಿ ಬಂದರೆ ಅದು ಶುಭಸೂಚನೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರಗಳಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಊರವರೇ ಆವರಣದಲ್ಲಿಟ್ಟು ಮೀನು ಹಾಕಿ ಬೆಳೆಸಿ ಬಿಡುತ್ತಾರೆ ನಿಜ. ಅದು ಇಲಾಖೆಯ ಅರಿವಿನಲ್ಲಿ, ನುರಿತವರು ಮಾಡುವ ಕೆಲಸ. ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಅದು ಮಾದರಿಯಲ್ಲ.

ಗೂಬೆಯನ್ನು ಇಟ್ಟುಕೊಂಡಿದ್ದೀರೆಂಬ ಸುದ್ದಿ ಹರಡಲು ಬಿಡಬೇಡಿ. ಮಾಟಮಂತ್ರಕ್ಕೆಂದು ಗೂಬೆಗೆ ಹಣ ಕೊಡುವವರು ದೀಪಾವಳಿಯ ಸುಮಾರಿಗೆ ಹುಟ್ಟಿಕೊಳ್ಳುತ್ತಾರೆ. ‘ನಾನು ಒಯ್ದು ಆಸ್ಪತ್ರೆಗೆ ಕೊಡುತ್ತೇನೆ’ ಎಂದು ಬಂದ ಅಪರಿಚಿತರಿಗೆ ಯಾವ ಹಕ್ಕಿಯನ್ನೂ ಒಪ್ಪಿಸಬೇಡಿ. ಗುರುತಿನ ಚೀಟಿ ಕೇಳಿ, ಅವರು ಹೇಳಿದ ಸಂಸ್ಥೆಗೆ ನೀವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಒಯ್ಯುವುದು, ಒಪ್ಪಿಸುವುದು

ಕಾರಿನಲ್ಲಾದರೆ ಪೆಟ್ಟಿಗೆಯನ್ನು ಸೀಟಿನ ಮುಂದಿನ ನೆಲದ ಮೇಲೆ ಇಡಿ. ಆಟೊದಲ್ಲಾದರೆ ತೊಡೆಯ ಮೇಲೆ, ಎರಡೂ ಕೈಗಳಿಂದ ಹಿಡಿದು. ಹಾಡು ಬೇಡ, ಡಿಕ್ಕಿಯೊಳಗೆ ಹಾಕುವುದೂ ಬೇಡ. ಬೈಕಿನಲ್ಲಿ ಒಯ್ಯುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಹಿಂದೆ ಕೂತವರು ಪೆಟ್ಟಿಗೆ ಹಿಡಿದಿರಬೇಕು.

ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿ: ಎಲ್ಲಿ ಸಿಕ್ಕಿತು, ಯಾವಾಗ, ಹೇಗೆ, ಏನಾದರೂ ಕೊಟ್ಟಿದ್ದೀರಾ. ಯಾರೋ ಹಾಲೋ ಮಾತ್ರೆಯೋ ಕೊಟ್ಟಿದ್ದರೆ ಸಂಕೋಚಪಡದೆ ಬರೆಯಿರಿ, ಚಿಕಿತ್ಸೆ ಅದರ ಮೇಲೆ ನಿಂತಿರುತ್ತದೆ. ಸಿಕ್ಕ ಜಾಗವನ್ನು ರಸ್ತೆ, ಅಡ್ಡರಸ್ತೆಯ ಸಮೇತ ಬರೆಯಿರಿ. ಗುಣವಾದ ಹಕ್ಕಿಯನ್ನು ಸಾಧ್ಯವಾದಷ್ಟೂ ಸಿಕ್ಕಿದ ಜಾಗದ ಬಳಿಯೇ ಬಿಡುತ್ತಾರೆ. ಅದರ ಜೋಡಿ, ಗೂಡು, ಮೇವಿನ ತಾಣ ಎಲ್ಲವೂ ಅಲ್ಲೇ ಇರುತ್ತವೆ.

ಒಪ್ಪಿಸುವಾಗ ದಾಖಲೆ ಸಂಖ್ಯೆ ಕೇಳಿ ಪಡೆಯಿರಿ, ಒಂದು ವಾರದ ನಂತರ ಫೋನ್ ಮಾಡಿ ವಿಚಾರಿಸಿ. ಕೀಲಿನ ಬಳಿ ಮೂಳೆ ಪುಡಿಯಾದ, ರೆಕ್ಕೆಯ ಚರ್ಮ ಪೂರ್ತಿ ಹರಿದ ಹದ್ದು ಮತ್ತೆ ಹಾರಲಾರದು. ಅಂಥವನ್ನು ವೈದ್ಯರು ಕೆಲವೊಮ್ಮೆ ನೋವಿಲ್ಲದಂತೆ ಸಾಯಿಸುತ್ತಾರೆ. ಕಾಪಾಡಿ ತಂದವರಿಗೆ ಇದು ಕೇಳಲು ಕಷ್ಟ. ಆದರೂ ಕೊಡುವ ಮೊದಲೇ ಈ ಸಾಧ್ಯತೆ ತಿಳಿದಿರಲಿ.

ದಾರಿಯಲ್ಲೇ ಅಥವಾ ಮನೆಯಲ್ಲೇ ಸತ್ತರೂ 1926ಕ್ಕೆ ತಿಳಿಸಬೇಕು, ಮುಖ್ಯವಾಗಿ ನವಿಲಾಗಿದ್ದರೆ. ಅದು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಮರಣೋತ್ತರ ಪರೀಕ್ಷೆ ಮಾಡಬೇಕೋ ಬೇಡವೋ ಎಂದು ಇಲಾಖೆಯವರು ತೀರ್ಮಾನಿಸುತ್ತಾರೆ. ಅವರು ಬರುವವರೆಗೆ ಪೆಟ್ಟಿಗೆಯನ್ನು ನೆರಳಿನಲ್ಲಿ ಮುಚ್ಚಿಡಿ. ಹಿತ್ತಲಿನಲ್ಲಿ ಹೂಳಬೇಡಿ, ಗರಿ ಕೀಳಬೇಡಿ. ಹಕ್ಕಿಯನ್ನು ಕೊಟ್ಟಾದ ಮೇಲೆ ಪೆಟ್ಟಿಗೆಯಲ್ಲಿ ಹಾಸಿದ ಬಟ್ಟೆಯನ್ನು ಬಿಸಿನೀರಿನಲ್ಲಿ ಬೇರೆಯಾಗಿ ಒಗೆದು ಬಿಸಿಲಿಗೆ ಹಾಕಿ. ತಾರಸಿಯಲ್ಲಿ, ತಂತಿಯಲ್ಲಿ, ಗಿಡದ ಕೊಂಬೆಯಲ್ಲಿ ಉಳಿದ ಮಾಂಜಾ ಎಳೆಗಳನ್ನು ಸುತ್ತಿ, ತುಂಡುತುಂಡಾಗಿ ಕತ್ತರಿಸಿ, ಮುಚ್ಚಿದ ಬಾಟಲಿಯೊಂದರಲ್ಲಿ ತುಂಬಿ ಕಸಕ್ಕೆ ಹಾಕಿ.